ಕಟ್ಟಿ ಎಂಬ ಫೋಲ್ಡರ್

ಶಹಾಬಜಾರ, ಕಲಬುರಗಿ
3 ಫೆಬ್ರುವರಿ 2025

ಚಿ. ಆಸ್ಮಾಳಿಗೆ ತುಕಾರಾಮ ಕಾಕಾ ಮಾಡುವ ಆಶೀರ್ವಾದ.

ನನ್ನ ಅಕ್ಷರ ಕಂಡು ನೀನು ಈ ಕಾಗದವನ್ನು ಮಡಚಿ ಇಡಬಹುದು. ಪೂರ್ತಿ ಓದಿ ಆಮೇಲೆ ಇಡು. ನವೆಂಬರಿನಲ್ಲಿ ನಿನ್ನ ಅಬ್ಬಾ ಮಜರ್ ತೀರಿಕೊಂಡ ದಿನ ನಿಮ್ಮ ಮನೆ ಬಾಗಿಲಲ್ಲಿ ನೀನು ನನ್ನನ್ನು ನೋಡಿದ ನೋಟ ನಾನು ಮರೆತಿಲ್ಲ. ಫೋನು ಮಾಡೋಣವೆಂದರೆ, ಮೂವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತು ನನ್ನ ಕಿವಿ ಪೂರಾ ಹೋಗಿದೆ. ಕಳಿಸಿದ ಮೆಸೇಜು ಒಂದೂ ಮುಟ್ಟುತ್ತಿಲ್ಲ; ನನ್ನ ನಂಬರನ್ನು ನೀನು ಬಂದ್ ಮಾಡಿರಬೇಕು. ಅದಕ್ಕೇ ಕಮಲಾಪುರದ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕಂಪ್ಯೂಟರ್ ಪಾಠ ಹೇಳುವವಳು ನೀನು, ನನಗೆ ಬೇರೆ ಯಾರೂ ತೋಚಲಿಲ್ಲ.

ನಮ್ಮ ಅಚ್ಚಿನ ಅಂಗಡಿಯ ವ್ಯವಸ್ಥೆ ನಿನಗೆ ಗೊತ್ತೇ ಇದೆ. ಕೆಳಗೆ ನನ್ನ ವಿಂಡೋಸ್ ಕಂಪ್ಯೂಟರ್, ಮೇಲಿನ ಕೋಣೆಯಲ್ಲಿ ಮಜರನ ಲಿನಕ್ಸ್ ಕಂಪ್ಯೂಟರ್. ನಾನು ಮಜಕೂರು ಟೈಪ್ ಮಾಡಿ ಕೊಡುವುದು, ಅವನು ಲಗ್ನಪತ್ರಿಕೆಯ ಚಿತ್ತಾರ ಕೂಡಿಸುವುದು. ಮಾಳಿಗೆಯ ಹಲಗೆಗೆ ತೂತು ಕೊರೆದು ಇಳಿಬಿಟ್ಟ ಒಂದು ತಂತಿ, ಎರಡೂ ಕಡೆ ತೆರೆಯುವ ಒಂದು ಫೋಲ್ಡರ್. ಮಜರ್ ಅದಕ್ಕೆ ‘ಕಟ್ಟಿ’ ಎಂದು ಹೆಸರಿಟ್ಟಿದ್ದ. ಊರ ಕಟ್ಟೆಯ ಹಾಗೆ ಇಬ್ಬರೂ ಕೂಡುವ ಜಾಗ ಅಂತ.

ಜನವರಿಯಲ್ಲಿ ನನ್ನ ಹಳೆಯ ಕಂಪ್ಯೂಟರ್ ಸತ್ತಿತು. ಹೊಸದು ಕಟ್ಟಿಯನ್ನು ತೆರೆಯುವುದಿಲ್ಲ. ಗುರುತು ಹೇಳದ ಅತಿಥಿಗೆ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಏನೋ ಹೇಳಿ ಮುಚ್ಚಿಕೊಳ್ಳುತ್ತದೆ. ಲಗ್ನದ ದಿನಗಳು ಬಂದಿವೆ, ನಮ್ಮ ಚಿತ್ತಾರಗಳೆಲ್ಲ ಆ ಫೋಲ್ಡರಿನಲ್ಲಿವೆ. ರಿಪೇರಿಯವನು ಬಂದು ನೋಡಿ, “ಕಾಕಾ, ಈ ಲಿನಕ್ಸ್ ನಮಗ ಬರಂಗಿಲ್ರಿ. ಎಲ್ಲಾ ಅಳಸಿ ಹೊಸಾದು ಹಾಕಿ ಕೊಡ್ತೀನಿ,” ಎಂದು ಚೀಟಿಯಲ್ಲಿ ಬರೆದು ತೋರಿಸಿದ.

ಅಳಿಸಲು ನನಗೆ ಮನಸ್ಸಾಗಲಿಲ್ಲ. ಏನು ಮಾಡಬೇಕು ಹೇಳು.

ನಿನ್ನ ಅಮ್ಮಿ ಜಾಹೇದಾ ಭಾಬಿಗೆ ನನ್ನ ನಮಸ್ಕಾರ ತಿಳಿಸು, ತಿಳಿಸಬೇಕೆನಿಸಿದರೆ.

ಇತಿ,
ತುಕಾರಾಮ


ಕಮಲಾಪುರ
10 ಫೆಬ್ರುವರಿ 2025

ತುಕಾರಾಮ ಅವರಿಗೆ,

ಕಾಗದ ಬಂತು.

ದೋಷ ತಂತಿಯದಲ್ಲ. ಅಬ್ಬಾ ಆ ಫೋಲ್ಡರಿಗೆ ಪಾಸ್‌ವರ್ಡ್ ಇಟ್ಟಿರಲಿಲ್ಲ. ಯಾರು ಬಡಿದರೂ ಹೆಸರು ಕೇಳದೆ ಬಾಗಿಲು ತೆಗೆಯುತ್ತಿತ್ತು. ಹೊಸ ವಿಂಡೋಸ್ ಅಂಥ ಬಾಗಿಲೊಳಗೆ ಕಾಲಿಡುವುದಿಲ್ಲ. ಮೇಲಿನ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು, ಗುಪ್ತಪದ ಸೇರಿಸಿ ಹೆಸರಿಲ್ಲದವರ ದಾರಿ ಮುಚ್ಚಿದರೆ ಸರಿಹೋಗುತ್ತದೆ.

ಇದೇ ಭಾನುವಾರ ಹದಿನಾರಕ್ಕೆ ಬಂದು ಮಾಡಿಕೊಡುತ್ತೇನೆ. ಪಕ್ಕದ ಟೇಲರ್ ಅಕ್ರಮ್ ಅವರ ಕೈಯಲ್ಲಿ ಕೀಲಿ ಕೊಟ್ಟಿಡಿ. ನೀವು ಅಂಗಡಿಯಲ್ಲಿ ಇರಬೇಕಾದ ಅಗತ್ಯವಿಲ್ಲ.

ಆಸ್ಮಾ


ಶಹಾಬಜಾರ, ಕಲಬುರಗಿ
25 ಫೆಬ್ರುವರಿ 2025

ಚಿ. ಆಸ್ಮಾ,

ನೀನು ಹೇಳಿದಂತೆ ಆ ದಿನ ಕೋಟನೂರಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಸೋಮವಾರ ಬಂದು ನೋಡಿದರೆ ಕಂಪ್ಯೂಟರಿನ ಮೇಲೆ ನೀನು ಅಂಟಿಸಿದ ಚೀಟಿ. ಹೆಸರು ಹಾಕಿದೆ, ಗುಪ್ತಪದ ಹಾಕಿದೆ, ಕಟ್ಟಿ ತೆರೆಯಿತು. ಮಜರ್ ಕೂಡಿಸಿದ ಬಳ್ಳಿ, ನವಿಲು, ಕಮಾನು ಎಲ್ಲ ಇದ್ದ ಹಾಗೇ ಇವೆ. ನಿನಗೆ ಒಳ್ಳೆಯದಾಗಲಿ.

ಇನ್ನೊಂದು ಮಾತು ಕೇಳುವುದಿದೆ.

ಕಳೆದ ಗುರುವಾರ ಕಟ್ಟಿಯಲ್ಲಿ ಒಂದು ಹೊಸ ಫೈಲು ಕಂಡೆ. ಹೆಸರಿಗೆ ತಲೆಬುಡವಿಲ್ಲ. ಮೊದಲು ಒಂದು ಅಡ್ಡಗೆರೆ, ನಾಲ್ಕೈದು ಇಂಗ್ಲಿಷ್ ಅಕ್ಷರ ಮತ್ತು ಅಂಕಿ, ಕೊನೆಗೊಂದು ಡೊಂಕುಗೆರೆ. ತೆರೆದರೆ ಒಳಗೆ ಏನೂ ಇಲ್ಲ, ಬರೀ ಖಾಲಿ. ಶುಕ್ರವಾರ ಇನ್ನೊಂದು. ಇಂಥವು ಮಜರ್ ಇದ್ದಾಗಲೂ, ಕೊನೆಯ ಎಂಟು ತಿಂಗಳು, ಹೆಚ್ಚುಕಡಿಮೆ ದಿನಕ್ಕೊಂದು ಬರುತ್ತಿದ್ದವು. ಮೇಲಿನ ಯಂತ್ರಕ್ಕೆ ವೈರಸ್ ಹತ್ತಿದೆ ಎಂದು ತಿಳಿದು ಕಂಡಕಂಡಲ್ಲಿ ಅಳಿಸುತ್ತಿದ್ದೆ. ಈಗಲೂ ಎರಡು ಅಳಿಸಿದೆ. ಆದರೂ ಬರುತ್ತಿವೆ.

ಮೇಲಿನ ಕೋಣೆಗೆ ನೀನು ಹಾಕಿಹೋದ ಬೀಗ ಹಾಗೇ ಇದೆ. ಕೀಲಿ ನನ್ನ ಕಿಸೆಯಲ್ಲಿದೆ. ಆದರೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮಾಳಿಗೆಯ ಹಲಗೆ ಸಂದಿಯಿಂದ ಸಣ್ಣಗೆ ಮಣ್ಣು ಉದುರಿ ನನ್ನ ಕೀಬೋರ್ಡಿನ ಮೇಲೆ ಬೀಳುತ್ತದೆ. ಇಲಿ ಇರಬೇಕು. ನಿನ್ನೆ ಅಕ್ರಮ್ ಬಂದು ಕಪ್ಪು ಬಟ್ಟೆಯ ಮೇಲೆ ತನ್ನ ಸೀಮೆಸುಣ್ಣದಿಂದ ಬರೆದ: “ಕಾಕಾ, ಮ್ಯಾಲ ಯಾರಿಗಿ ಕೂಡ್ಸೀರಿ? ಕುರ್ಚಿ ಸಪ್ಪಳ ಬರ್ಲಾಕತ್ತದ.”

ಯಾರೂ ಇಲ್ಲ ಎಂದೆ. ಅವನು ಬಟ್ಟೆ ಝಾಡಿಸಿಕೊಂಡು ಹೋದ.

ಇದು ವೈರಸ್ ತಾನೆ?

ಇತಿ,
ತುಕಾರಾಮ


ಕಮಲಾಪುರ
5 ಮಾರ್ಚ್ 2025

ತುಕಾರಾಮ ಕಾಕಾ,

ದಯವಿಟ್ಟು ಇನ್ನು ಒಂದನ್ನೂ ಅಳಿಸಬೇಡಿ.

ಅದು ವೈರಸ್ ಅಲ್ಲ. ವಿಂಡೋಸಿನಲ್ಲಿ ಫೈಲಿನ ಹೆಸರಿನೊಳಗೆ ಕೆಲವು ಚಿಹ್ನೆಗಳನ್ನು ಬಳಸಲು ಬರುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಅದರಲ್ಲೊಂದು. ಲಿನಕ್ಸಿಗೆ ಆ ಕಟ್ಟುಪಾಡಿಲ್ಲ. ಮೇಲೆ ಕೂತವರು ಹೆಸರಿನಲ್ಲಿ ಪ್ರಶ್ನೆ ಹಾಕಿದರೆ ಕೆಳಗಿನ ಕಂಪ್ಯೂಟರಿಗೆ ಅದನ್ನು ತೋರಿಸಲಾಗದು. ಅದಕ್ಕೆ ಬದಲಾಗಿ ಅಡ್ಡಗೆರೆ, ಅಂಕಿ, ಡೊಂಕುಗೆರೆಯ ಸುಳ್ಳು ಹೆಸರೊಂದು ಕಾಣಿಸುತ್ತದೆ. ನಿಜವಾದ ಹೆಸರು ಮೇಲಿನ ಪರದೆಯ ಮೇಲಷ್ಟೇ ಓದಲು ಬರುತ್ತದೆ.

ಅಂದರೆ ಆ ಎಂಟು ತಿಂಗಳು ಅಬ್ಬಾ ನಿಮಗೆ ಏನನ್ನೋ ಕೇಳುತ್ತಿದ್ದರು. ಒಳಗೆ ಬರೆದರೆ ನೀವು ತೆರೆಯಲಿಕ್ಕಿಲ್ಲ ಎಂದು ಹೆಸರಿನಲ್ಲೇ ಕೇಳಿದ್ದಾರೆ.

ನಾನು ಬಂದ ದಿನ ಇನ್ನೊಂದನ್ನು ಗಮನಿಸಿದೆ. ಕಟ್ಟಿಯೊಳಗೆ ಅಬ್ಬಾ ಒಂದು ಅಡಗಿಸಿದ ಬುಟ್ಟಿ ಇಟ್ಟಿದ್ದಾರೆ. ಕೆಳಗಿನಿಂದ ನೀವು ಅಳಿಸಿದ್ದಷ್ಟೇ ನಾಶವಾಗದೆ ಅಲ್ಲಿ ಹೋಗಿ ಬೀಳುತ್ತದೆ. ಮೇಲಿನ ಕಂಪ್ಯೂಟರಿನಲ್ಲಿ ಕಟ್ಟಿಯನ್ನು ತೆರೆದು ಕಂಟ್ರೋಲ್ ಮತ್ತು ಎಚ್ ಕೂಡಿಸಿ ಒತ್ತಿದರೆ ಕಾಣುತ್ತದೆ. ನಾನು ಅದನ್ನು ತೆರೆಯಲಿಲ್ಲ. ನಿಮಗೆ ಬರೆದದ್ದನ್ನು ನಾನು ಓದುವುದು ಸರಿಯಲ್ಲ.

ಈಗ ಬರುತ್ತಿರುವವನ್ನು ಯಾರು ಮಾಡುತ್ತಿದ್ದಾರೆ ಎಂದು ತಿಳಿಯಲು ಆ ಫೈಲಿನ ಒಡೆಯನ ಹೆಸರು ನೋಡಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸಿಗುತ್ತದೆ. ಮೇಲೆ ಮಾಡಿದ್ದಾದರೆ ‘ಮಜರ್’ ಎಂದಿರುತ್ತದೆ, ಕೆಳಗೆ ಮಾಡಿದ್ದಾದರೆ ‘ತುಕಾರಾಮ’ ಎಂದು. ನೀವೇ ಮೇಲೆ ಹೋಗಬೇಕು.

ಆಸ್ಮಾ


ಶಹಾಬಜಾರ, ಕಲಬುರಗಿ
18 ಮಾರ್ಚ್ 2025

ಚಿ. ಆಸ್ಮಾ,

ಇನ್ನೂ ಮೇಲೆ ಹೋಗಿಲ್ಲ. ಮೊಣಕಾಲು ನೋವು, ಕೆಲಸವೂ ಜಾಸ್ತಿ. ಇವು ನೆಪ ಎಂದು ನಿನಗೆ ಗೊತ್ತಾಗುತ್ತದೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ.

ನಮ್ಮ ಜಗಳದ ಬಗ್ಗೆ ಮಜರ್ ಮನೆಯಲ್ಲಿ ಏನು ಹೇಳಿದ್ದನೋ ತಿಳಿಯದು. ಹೋದ ವರ್ಷ ಮಾರ್ಚಿನಲ್ಲಿ ನಾನು ಒಂದು ವಾರ ಜ್ವರದಿಂದ ಮಲಗಿದ್ದೆ. ಬಂದು ನೋಡುವಷ್ಟರಲ್ಲಿ ಅವನು ನನ್ನ ಕನ್ನಡದ ಅಚ್ಚುಮೊಳೆಗಳನ್ನೆಲ್ಲ, ಕಟ್ಟಿಗೆಯ ಖಾನೆಗಳ ಸಮೇತ, ಗುಜರಿಯವನಿಗೆ ಹಾಕಿದ್ದ. ಜಾಗ ಬೇಕಿತ್ತು, ಇನ್ನು ಅವನ್ನು ಯಾರು ಕೇಳುತ್ತಾರೆ ಎಂದ. ನಾನು ಹದಿನಾಲ್ಕನೇ ವಯಸ್ಸಿನಿಂದ ಜೋಡಿಸಿದ ಅಕ್ಷರಗಳು ಅವು. ಕತ್ತಲಲ್ಲೂ ಯಾವ ಖಾನೆಯಲ್ಲಿ ಯಾವ ಒತ್ತಕ್ಷರ ಎಂದು ಬೆರಳಿಗೆ ಗೊತ್ತಿತ್ತು. ಆ ದಿನದಿಂದ ಅವನೊಡನೆ ಮಾತು ಬಿಟ್ಟೆ.

ಕಿವಿ ಕೇಳದವನಿಗೆ ಮಾತು ಬಿಡುವುದು ಬಲು ಸುಲಭ. ಅವನು ಎದುರು ಬಂದರೆ ಮುಖ ತಿರುಗಿಸಿದರಾಯಿತು. ಅವನು ಮೇಲೆ, ನಾನು ಕೆಳಗೆ. ಕೆಲಸ ಮಾತ್ರ ಕಟ್ಟಿಯಲ್ಲಿ ಹೋಗಿ ಬರುತ್ತಿತ್ತು.

ಈಗ ಇನ್ನೊಂದು ಸಂಗತಿ. ಈ ಫೈಲುಗಳು ಬರುವುದು ಬೆಳಿಗ್ಗೆ ಹನ್ನೊಂದೂವರೆಯಿಂದ ಹನ್ನೆರಡರ ಒಳಗೆ. ಆದರೆ ಅವುಗಳ ಮೇಲಿರುವ ಸಮಯ ಸಂಜೆ ಐದರ ಮೇಲೆ. ಇವತ್ತು ಹನ್ನೊಂದು ಮುಕ್ಕಾಲಕ್ಕೆ ನಾನು ಕಣ್ಣಾರೆ ನೋಡುತ್ತಿದ್ದ ಫೈಲಿನ ಮೇಲೆ ‘ಐದು ಹದಿನಾಲ್ಕು’ ಎಂದಿತ್ತು, ಇವತ್ತಿನದೇ ತಾರೀಖು. ಇನ್ನೂ ಬಾರದ ಸಂಜೆ. ಗೋಡೆ ಗಡಿಯಾರ ನೋಡಿದೆ, ಹೊರಗೆ ಬಂದು ಬಿಸಿಲು ನೋಡಿದೆ. ಮತ್ತೆ ಒಳಗೆ ಬಂದು ಕೂರಲು ಧೈರ್ಯ ಬರಲಿಲ್ಲ. ಅಕ್ರಮನ ಅಂಗಡಿಯಲ್ಲಿ ಹೊತ್ತು ಕಳೆದೆ.

ಮಾಳಿಗೆ ಹೊತ್ತ ಕಂಬಕ್ಕೆ ಅಂಗೈ ಇಟ್ಟರೆ ನಡುಕ ತಿಳಿಯುತ್ತದೆ. ಗಾಲಿ ಕುರ್ಚಿ ಹಿಂದೆ ಮುಂದೆ ಸರಿದ ಹಾಗೆ.

ಇತಿ,
ತುಕಾರಾಮ


ಕಮಲಾಪುರ
24 ಮಾರ್ಚ್ 2025

ಕಾಕಾ,

ಸಮಯದ ವಿಷಯಕ್ಕೆ ಹೆದರಬೇಡಿ. ಅದಕ್ಕೆ ಕಾರಣವಿದೆ.

ಮೇಲಿನ ಕಂಪ್ಯೂಟರಿನಲ್ಲಿ ಮೊದಲು ವಿಂಡೋಸ್ ಇತ್ತು, ಅಬ್ಬಾ ಆಮೇಲೆ ಲಿನಕ್ಸ್ ಹಾಕಿದರು. ವಿಂಡೋಸ್ ಯಂತ್ರದೊಳಗಿನ ಗಡಿಯಾರವನ್ನು ನಮ್ಮೂರಿನ ಸಮಯಕ್ಕೆ ಇಡುತ್ತದೆ. ಲಿನಕ್ಸ್ ಅದನ್ನೇ ಲಂಡನ್ನಿನ ಸಮಯವೆಂದು ತಿಳಿದು, ನಮ್ಮೂರಿನದಕ್ಕೆ ತರಲು ಐದೂವರೆ ಗಂಟೆ ಕೂಡಿಸುತ್ತದೆ. ಇಂಟರ್ನೆಟ್ ಇದ್ದಿದ್ದರೆ ತಾನೇ ತಿದ್ದಿಕೊಳ್ಳುತ್ತಿತ್ತು, ಅಲ್ಲಿ ಅದಿಲ್ಲ. ಹೀಗಾಗಿ ಆ ಯಂತ್ರ ಹೇಳುವ ಪ್ರತಿ ಸಮಯದಿಂದ ಐದೂವರೆ ಗಂಟೆ ಕಳೆಯಿರಿ. ಐದು ಹದಿನಾಲ್ಕು ಅಂದರೆ ಹನ್ನೊಂದು ನಲವತ್ತನಾಲ್ಕು. ಅಷ್ಟೇ.

ಸಪ್ಪಳ ಬೇರೆ ವಿಷಯ. ಒಡೆಯನ ಹೆಸರು ನೋಡಿದರೆ ಗೊತ್ತಾದೀತು.

ರಂಜಾನಿನ ರೋಜಾ ನಡೆದಿದೆ. ನಿನ್ನೆ ಸಂಜೆ ಅಮ್ಮಿ ರೋಜಾ ಬಿಡಲು ಕೆಂಪು ಬಾಳೆಹಣ್ಣು ಸುಲಿಯುತ್ತ, “ತುಕಾರಾಮ ಭಾಯಿ ಹೇಗಿದ್ದಾರಂತೆ?” ಎಂದು ಕೇಳಿದರು. ನಾವು ಕಾಗದ ಬರೆದುಕೊಳ್ಳುವುದು ಅವರಿಗೆ ಗೊತ್ತಾಗಿದೆ. ಚೆನ್ನಾಗಿದ್ದಾರೆ ಎಂದೆ.

ಆಸ್ಮಾ


ಶಹಾಬಜಾರ, ಕಲಬುರಗಿ
11 ಏಪ್ರಿಲ್ 2025

ಆಸ್ಮಾ,

ಇವತ್ತು ಮಧ್ಯಾಹ್ನ ಮೇಲೆ ಹೋದೆ. ಹದಿನೇಳು ಮೆಟ್ಟಿಲು. ಒಂದು ವರ್ಷದಿಂದ ನಾನಾಗಿ ಹತ್ತಿದ್ದು ಒಂದೇ ದಿನ, ಅವನನ್ನು ಇಳಿಸಿಕೊಂಡು ಬರಲು.

ಬೀಗ ತೆಗೆದೆ. ಕೋಣೆಯಲ್ಲಿ ಇಲಿಯ ಗುರುತಿಲ್ಲ. ನೆಲದ ಮೇಲೆ ಧೂಳು ಒಂದೇ ಸಮ ಕೂತಿದೆ, ಹೆಜ್ಜೆ ಮೂಡಿಲ್ಲ. ಕುರ್ಚಿಯ ಗಾಲಿಗಳ ಕೆಳಗೆ ಮಾತ್ರ ಎರಡು ಗೇಣು ಉದ್ದ ಧೂಳಿಲ್ಲ, ಹಲಗೆ ತಿಕ್ಕಿದಂತೆ ಹೊಳೆಯುತ್ತಿದೆ.

ನೀನು ಹೇಳಿದ ಗುಂಡಿ ಒತ್ತಿದೆ. ಬುಟ್ಟಿ ಬಂತು. ಮಜರ್ ಇದ್ದಾಗಿನ ಹೆಸರುಗಳೇ ನೂರ ಎಪ್ಪತ್ತೊಂದು. ಒಂದೊಂದನ್ನೂ ಓದಿದೆ. ನೀನು ಓದಲಿಲ್ಲ ಎಂದೆ, ಆದರೆ ನಿನ್ನ ಅಬ್ಬಾನ ಮಾತು ನಿನಗೂ ಸೇರಬೇಕು.

“ತುಕ್ಯಾ, ಚಾ ಹೇಳ್ಲೇನು?”
“ಮೊಣಕಾಲ ಹ್ಯಾಂಗ ಅದ?”
“ಇವತ್ತ ಬುತ್ತಿಗಿ ಏನ್ ತಂದಿ?”
“ಕರೆಂಟ ಹೋದ್ರ ತೆಳಗ ಸೆಕಿ, ಇಲ್ಲಿ ಗಾಳಿ ಅದ, ಬಂದು ಕೂಡ್ತಿಯೇನು?”
“ಮೊಳಿ ಮಾರಿದ್ದು ತಪ್ಪಾತು ಯಾರ್, ಮಾಫ್ ಮಾಡ್ತಿಲ್ಲೇನು?”
“ಗುಜರಿಯಾಂವ ಕರಗಿಸಿಬಿಟ್ಟಾನ. ಒಂದ್ ಕ ಅಷ್ಟೇ ಸಿಕ್ಕದ. ಬೇಕೇನು?”

ಆ ‘ಕ’ ಕೀಬೋರ್ಡಿನ ಪಕ್ಕದಲ್ಲೇ ಇತ್ತು, ಒರೆಸಿ ಇಟ್ಟಿದ್ದಾನೆ. ಸೀಸ ತಣ್ಣಗಿರಬೇಕು. ಕೈಗೆ ಬೆಚ್ಚಗೆ ಹತ್ತಿತು.

ಆ ನೂರ ಎಪ್ಪತ್ತೊಂದರಲ್ಲಿ ಒಂದಕ್ಕಾದರೂ ಪ್ರಶ್ನೆಯ ಚಿಹ್ನೆ ಬಿಟ್ಟಿದ್ದರೆ ನನಗೆ ಕೆಳಗೆ ಓದಲು ಬರುತ್ತಿತ್ತು. ಬಿಡಲಿಲ್ಲ. ಇಪ್ಪತ್ತೈದು ವರ್ಷದ ಕೆಳಗೆ ಅವನಿಗೆ ಪ್ರೂಫ್ ತಿದ್ದುವುದನ್ನು ಕಲಿಸಿದವನು ನಾನು. ಪ್ರಶ್ನೆಗೆ ಚಿಹ್ನೆ ಬಿಟ್ಟರೆ ಮುಂಗೈ ಮೇಲೆ ಅಡಿಪಟ್ಟಿಯಿಂದ ಹೊಡೆಯುತ್ತಿದ್ದೆ.

ಕೊನೆಯದು ನವೆಂಬರ್ ಹದಿನಾಲ್ಕರದು. “ಎದಿ ನೋಯ್ಲಾಕತ್ತದ. ಮ್ಯಾಲ ಬರ್ತಿಯೇನು?”

ಸಮಯ ಸಂಜೆ ಐದು ಹತ್ತು. ಮಜರ್ ಕುರ್ಚಿಯಲ್ಲಿ ಒರಗಿದ್ದನ್ನು ಗಿರಾಕಿಯೊಬ್ಬ ಕಂಡದ್ದು ಮಧ್ಯಾಹ್ನ ಮೂರಕ್ಕೆ. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರು, ಪ್ರಾಣ ಹೋಗಿ ಮೂರು ತಾಸಾಯಿತು ಎಂದಿದ್ದರು. ಸತ್ತ ಮೇಲೆ ಬರೆದಿದ್ದಾನೆ ಎಂದುಕೊಂಡೆ. ಆಮೇಲೆ ನಿನ್ನ ಐದೂವರೆ ಗಂಟೆ ನೆನಪಾಯಿತು. ಕಳೆದೆ. ಹನ್ನೊಂದು ನಲವತ್ತು.

ಬುಟ್ಟಿಗೆ ಬಿದ್ದ ಸಮಯವೂ ಅಲ್ಲಿತ್ತು. ಅದರಲ್ಲೂ ಕಳೆದೆ. ಹನ್ನೊಂದು ಐವತ್ತೆರಡು.

ಭೂತವೇ ಆಗಿದ್ದರೆ ಒಳ್ಳೆಯದಿತ್ತು ಮಗಳೆ. ಅವನು ಬದುಕಿದ್ದ, ನನ್ನನ್ನು ಕರೆದ. ಹನ್ನೆರಡು ನಿಮಿಷ ಬಿಟ್ಟು ನಾನು ಅದನ್ನು ಅಳಿಸಿದೆ. ಒಂದು ಗಂಟೆಗೆ ಅವನ ಕಾಲ ಕೆಳಗೇ ಕೂತು ಬುತ್ತಿ ಬಿಚ್ಚಿ ಉಂಡೆ. ನಿನ್ನಿಂದ ಮುಚ್ಚಿಡಬಹುದಿತ್ತು. ಮುಚ್ಚಿಡಲು ನನಗೆ ಹಕ್ಕಿಲ್ಲ.

ಫೆಬ್ರುವರಿಯಿಂದ ಬಂದವನ್ನೂ ನೋಡಿದೆ. ಎಲ್ಲವೂ ಒಂದೇ ಮಾತು:

“ತೆಳಗ ಯಾರ್ ಅದಾರ?”

ಒಂದೇ ಹೆಸರಿನ ಎರಡು ಫೈಲು ಒಂದು ಕಡೆ ಇರಲಾರವಲ್ಲ, ಅದಕ್ಕೆ ದಿನ ದಿನ ಒಂದೊಂದು ಪ್ರಶ್ನಾರ್ಥಕ ಹೆಚ್ಚಾಗುತ್ತ ಬಂದಿದೆ. ಇವತ್ತಿನದರಲ್ಲಿ ಐವತ್ತೊಂದು. ಒಡೆಯನ ಹೆಸರು ಮಜರ್ ಅಲ್ಲ, ತುಕಾರಾಮನೂ ಅಲ್ಲ. ‘ನೋಬಡಿ’ ಎಂದಿದೆ. ಹಾಗೆಂದರೇನು?

ತುಕಾರಾಮ


ಶಹಾಬಜಾರ, ಕಲಬುರಗಿ
6 ಮೇ 2025

ಚಿ. ಆಸ್ಮಾ,

ನಿನ್ನ ಉತ್ತರ ಬರಲಿಲ್ಲ. ಬರಬೇಕೆಂದು ನಾನು ಕೇಳುವ ಹಾಗೂ ಇಲ್ಲ.

ಬಿಸಿಲಿಗೆ ಬಜಾರಿನಲ್ಲಿ ಮಧ್ಯಾಹ್ನ ಒಬ್ಬರೂ ಓಡಾಡುವುದಿಲ್ಲ. ಅಕ್ರಮ್ ಹನ್ನೊಂದಕ್ಕೇ ಅಂಗಡಿ ಮುಚ್ಚಿ ಹೋಗುತ್ತಾನೆ. ಬಿಸಿಲೆಂದು ಹೇಳುತ್ತಾನೆ, ಬಿಸಿಲಲ್ಲ. ಇವತ್ತೂ ಹೆಸರು ಬಂದಿದೆ. ಓದಲು ಮೇಲೆ ಹೋಗುವುದು ಈಗ ರೂಢಿಯಾಗಿದೆ.

ತುಕಾರಾಮ


ಕಮಲಾಪುರ
2 ಜೂನ್ 2025

ಕಾಕಾ,

ನಿಮ್ಮ ಕಾಗದ ಏಳು ವಾರ ನನ್ನ ಬ್ಯಾಗಿನಲ್ಲೇ ಇತ್ತು. ಮೊದಲ ವಾರ ನಿಮಗೆ ಏನೇನು ಬರೆಯಬೇಕೆಂದು ಮನಸ್ಸಿನಲ್ಲಿ ಕಟ್ಟಿದೆನೋ ಅದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಬರೆಯಲು ಕೂತ ದಿನವೇ ನನ್ನ ಕೈ ನಿಂತಿತು.

ನವೆಂಬರ್ ಹದಿನಾಲ್ಕು ನಮ್ಮ ಶಾಲೆಯಲ್ಲಿ ಮಕ್ಕಳ ದಿನಾಚರಣೆ. ನಾನು ವೇದಿಕೆಯ ಮೇಲೆ ನಿಂತು ನಿರೂಪಣೆ ಮಾಡುತ್ತಿದ್ದೆ. ಫೋನು ನಡುಗಿತು. ಅಬ್ಬಾ ಎಂದು ಕಂಡಿತು. ಕಟ್ ಮಾಡಿದೆ. ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಬಹುಮಾನ ಹಂಚುವುದು, ಫೋಟೊ ತೆಗೆಸುವುದು, ಮರೆತೇಬಿಟ್ಟೆ. ಮೂರೂವರೆಗೆ ಅಕ್ರಮ್ ಅವರ ಫೋನು ಬಂತು.

ಆ ಕರೆ ಬಂದದ್ದು ಹನ್ನೊಂದು ಮೂವತ್ತಾರಕ್ಕೆ. ಫೋನಿನಿಂದ ಅದನ್ನು ನಾನು ಅಳಿಸಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಅಮ್ಮಿಗೆ ಹೇಳಿಲ್ಲ. ಈಗ ನೀವು ಬರೆದ ಹನ್ನೊಂದು ನಲವತ್ತು ನೋಡಿದ ಮೇಲೆ ಗೊತ್ತಾಯಿತು. ಮೊದಲು ನನ್ನನ್ನು ಕರೆದಿದ್ದಾರೆ. ನಾನು ಫೋನು ಎತ್ತಲಿಲ್ಲವೆಂದು ನಿಮ್ಮನ್ನು ಕರೆದಿದ್ದಾರೆ. ಕಿವಿ ಕೇಳದವರಿಗೆ ಕೂಗಿ ಫಲವಿಲ್ಲವೆಂದು ಬರೆದು ಕರೆದಿದ್ದಾರೆ. ನಿಮ್ಮ ಬಾಗಿಲು ಮುಚ್ಚಿದ್ದು ಗೊತ್ತಿದ್ದೂ.

ಬಾಗಿಲಲ್ಲಿ ನಾನು ನಿಮ್ಮನ್ನು ನೋಡಿದ ನೋಟದ ಬಗ್ಗೆ ಬರೆದಿದ್ದಿರಿ. ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿದರೆ ನನಗೆ ಉಸಿರಾಡಲು ಬರುತ್ತಿತ್ತು. ಅದಕ್ಕೆ ಹಾಗೆ ನೋಡಿದೆ.

ನೋಬಡಿ ಎಂದರೆ ‘ಯಾರೂ ಅಲ್ಲ’. ಹೆಸರು ಹೇಳದೆ ಒಳಗೆ ಬಂದವರು ಮಾಡಿದ ಫೈಲಿಗೆ ಲಿನಕ್ಸ್ ಹಾಗೆ ಬರೆದುಕೊಳ್ಳುತ್ತದೆ. ಆದರೆ ಆ ದಾರಿಯನ್ನು ಫೆಬ್ರುವರಿ ಹದಿನಾರಕ್ಕೆ ನಾನೇ ಮುಚ್ಚಿದ್ದೇನೆ. ಮುಚ್ಚಿದೆಯೇ ಎಂದು ಎರಡು ಸಲ ಪರೀಕ್ಷಿಸಿದ್ದೇನೆ. ಕೆಳಗಿನಿಂದ ಮಾಡಿರಲು ಸಾಧ್ಯವಿಲ್ಲ, ವಿಂಡೋಸಿಗೆ ಆ ಚಿಹ್ನೆ ಹಾಕಲು ಬಾರದು. ಮೇಲೆ ಮಾಡಿದ್ದಾದರೆ ಅಬ್ಬಾನ ಹೆಸರಿರಬೇಕು. ಆ ತಂತಿಗೆ ಮೂರನೆಯ ತುದಿ ಇಲ್ಲ. ನನಗೆ ಇದು ತಿಳಿಯುತ್ತಿಲ್ಲ ಕಾಕಾ.

ಯಾರಿದ್ದಾರೆ ಎಂದು ಕೇಳುತ್ತಿದ್ದರೆ, ಹೇಳಿ. ಉತ್ತರಕ್ಕೆ ಆ ಚಿಹ್ನೆ ಬೇಕಿಲ್ಲ.

ಆಸ್ಮಾ


ಶಹಾಬಜಾರ, ಕಲಬುರಗಿ
27 ಜೂನ್ 2025

ಮಗಳೆ ಆಸ್ಮಾ,

ನಿನ್ನ ಕಾಗದ ಓದಿ ಮಡಚಿ, ಮತ್ತೆ ಬಿಚ್ಚಿ ಓದಿದೆ. ಫೋನು ಎಲ್ಲರೂ ಕಟ್ ಮಾಡುತ್ತಾರೆ. ನೀನು ಒಂದು ಸಲ, ನಾನು ನೂರ ಎಪ್ಪತ್ತೊಂದು ಸಲ. ನನ್ನ ಸಮ ನೀನು ನಿಲ್ಲಬೇಡ.

ನೀನು ಹೇಳಿದ ಹಾಗೆ ಜೂನ್ ಒಂಬತ್ತಕ್ಕೆ ಕೆಳಗೆ ಕೂತು ಕಟ್ಟಿಯಲ್ಲಿ ಒಂದು ಖಾಲಿ ಫೈಲು ಮಾಡಿ ಹೆಸರಿಟ್ಟೆ: “ನಾ ಅದೀನಿ ಮಜರ್. ತುಕ್ಯಾ.” ಮೂರು ಸಲ ತಪ್ಪಿ ತಿದ್ದಿದೆ.

ಮಾರನೆಯ ದಿನ ಏನೂ ಬರಲಿಲ್ಲ. ಅದರ ಮಾರನೆಯ ದಿನವೂ. ಮಣ್ಣು ಉದುರಲಿಲ್ಲ. ಕಂಬಕ್ಕೆ ಕೈ ಇಟ್ಟೆ, ಬರೀ ಕಂಬ. ಅಕ್ರಮ್ ಬಟ್ಟೆಯ ಮೇಲೆ “ಈಗ ಶಾಂತ ಅದ ಕಾಕಾ” ಎಂದು ಬರೆದ. ಅವನಿಗೆ ಸಮಾಧಾನ, ನನಗೆ ಆಗಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂದು ಅವನು ಹೋಗಿಬಿಟ್ಟನೇ? ನಾನು ಕೇಳುವುದು ಉಳಿದಿತ್ತಲ್ಲ.

ಕೇಳಬೇಕೆಂದು ಕೆಳಗೆ ಟೈಪ್ ಮಾಡಿದರೆ ವಿಂಡೋಸ್ ಒಪ್ಪಲಿಲ್ಲ. ಆದ್ದರಿಂದ ಈಗ ದಿನವೂ ಹನ್ನೊಂದೂವರೆಗೆ ಮೇಲೆ ಹೋಗಿ ಅವನ ಕುರ್ಚಿಯಲ್ಲಿ ಕೂತು ಕೇಳುತ್ತೇನೆ. ಒಂದೇ ಮಾತು. “ಸಿಟ್ಟ ಹೋಯ್ತೇನು?”

ಫೈಲು ಪರದೆಯ ಮೇಲೆ ಇರುತ್ತದೆ. ನಾನು ನೋಡುತ್ತಿರುತ್ತೇನೆ. ಸ್ವಲ್ಪ ಹೊತ್ತಿಗೆ ಇರುವುದಿಲ್ಲ. ಬುಟ್ಟಿಯಲ್ಲಿ ನೋಡಿದರೆ ಅಲ್ಲಿ ಬಿದ್ದಿದೆ. ಕೆಳಗಿನಿಂದ ಅಳಿಸಿದ್ದು ಮಾತ್ರ ಬುಟ್ಟಿಗೆ ಬೀಳುತ್ತದೆ ಎಂದು ನೀನೇ ಬರೆದಿದ್ದೆ. ನಾನು ಮೇಲೆ ಕೂತಿರುವಾಗ ಅಂಗಡಿಯ ಬಾಗಿಲು ಒಳಗಿನಿಂದ ಹಾಕಿರುತ್ತದೆ. ಕೆಳಗೆ ಯಾರಿದ್ದಾರೆ?

ಒಂದು ಸಲ ಬಾ. ಕೆಳಗೆ ಕೂತು ನೋಡು.

ತುಕಾರಾಮ ಕಾಕಾ


ಕಮಲಾಪುರ
16 ಜುಲೈ 2025

ಕಾಕಾ,

ಭಾನುವಾರ ನೀವು ಬಸ್ ನಿಲ್ದಾಣದ ತನಕ ಬಂದು ಕಳಿಸಿಕೊಟ್ಟಿರಿ. ಬಸ್ಸಿನ ಕಿಟಕಿಯಿಂದ ಹೇಳಬೇಕೆಂದುಕೊಂಡೆ. ನಿಮಗೆ ಕೇಳುವುದಿಲ್ಲ, ಬರೆಯಲು ನನಗೆ ಕೈ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಂದು ನೀವು ಮೇಲೆ ಹೋದಿರಿ, ನಾನು ಕೆಳಗೆ ಕೂತೆ. ಹನ್ನೊಂದು ಮೂವತ್ತೆರಡಕ್ಕೆ ನನ್ನ ಪರದೆಯ ಮೇಲೆ ಅಡ್ಡಗೆರೆ, ಅಂಕಿ, ಡೊಂಕುಗೆರೆಯ ಹೆಸರು ಬಂತು. ನೀವು ಕೇಳಿದ್ದು ಅದೇ ಎಂದು ತಿಳಿಯಿತು. ಕೈ ತಾಗದಿರಲಿ ಎಂದು ಕುರ್ಚಿ ಹಿಂದಕ್ಕೆ ಸರಿಸಿ ಕೂತೆ. ಸ್ವಲ್ಪ ಹೊತ್ತಿಗೆ ನೀವು ಗೋಡೆ ಹಿಡಿದುಕೊಂಡು ಇಳಿದು ಬಂದಿರಿ.

“ಹೋಯ್ತು. ನೀ ಅಳಸಿದೇನು ಮಗಳೆ?” ಎಂದಿರಿ.

ನಿಮ್ಮ ಮುಖ ನೋಡಿದೆ. “ಹೌದು ಕಾಕಾ, ಕೈ ತಪ್ಪಿ ಒತ್ತಿದೆ,” ಎಂದು ಚೀಟಿಯಲ್ಲಿ ಬರೆದೆ. ನೀವು ನಕ್ಕಿರಿ, ಚಹಾ ತರಿಸಿದಿರಿ. ಮೊದಲ ಸಲ ನಿಮ್ಮ ಅಂಗಡಿಯಲ್ಲಿ ಕೂತು ಕುಡಿದೆ.

ಅದು ಸುಳ್ಳು. ಫೈಲು ಬಂದ ಕೂಡಲೇ ನಾನು ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಕೆಳಗಿನ ಕಂಪ್ಯೂಟರಿನಿಂದ ಮೇಲಕ್ಕೆ ಯಾವ ದಾರಿಯೂ ಇರಲಿಲ್ಲ. ನೀವು ಇಳಿದು ಬರುವ ಸದ್ದಿಗೆ ತಿರುಗಿ ಸಿಕ್ಕಿಸಿದೆ. ಆಗಲೇ ಅಂಗಡಿಯೊಳಗೆ ಅತ್ತರಿನ ವಾಸನೆ ಇತ್ತು, ಅಬ್ಬಾ ಶುಕ್ರವಾರ ಹಚ್ಚಿಕೊಳ್ಳುತ್ತಿದ್ದದ್ದು. ನಿಮಗೂ ಬಂದಿರಬೇಕು.

ಮನೆಗೆ ಬಂದು ಅಮ್ಮಿಗೆ ಎಲ್ಲ ಹೇಳಿದೆ. ನನ್ನ ಫೋನಿನ ವಿಷಯವನ್ನೂ. ಅವರು ಮೊರದ ಅಕ್ಕಿ ಆರಿಸಿ ಮುಗಿಸಿದರು. ಆಮೇಲೆ ಒಂದು ಮಾತು ಹೇಳಿದರು, ನನಗೆ ಗೊತ್ತಿರಲಿಲ್ಲ. ಆ ಎಂಟು ತಿಂಗಳು ಅಬ್ಬಾ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತ ದಿನವೂ ಒಂದೇ ಮಾತು ಹೇಳುತ್ತಿದ್ದರಂತೆ: “ತುಕ್ಯಾ ಪಡ್‌ಕೋ ಮಿಟಾದೇತಾ. ಪಡ್ಯಾ ನಾ, ಬಸ್.” ತುಕ್ಯಾ ಓದಿ ಅಳಿಸುತ್ತಾನೆ. ಓದಿದನಲ್ಲ, ಸಾಕು.

ಅಬ್ಬಾ ತಿಳಿದದ್ದು ಹಾಗೆ ಕಾಕಾ. ಅಳಿಸಿದಿರಿ ಎಂದರೆ ಓದಿದಿರಿ ಎಂದೇ. ಮಾತು ಬಿಟ್ಟ ಗೆಳೆಯ ದಿನಕ್ಕೊಂದು ಸಲ ತಮ್ಮ ಮಾತು ಓದುತ್ತಾನೆ ಎಂದು ನಂಬಿ ಅವರು ಊಟ ಮಾಡಿ ಮಲಗುತ್ತಿದ್ದರು. ಆ ಕೊನೆಯ ದಿನದ ಹನ್ನೆರಡು ನಿಮಿಷ ಅವರು ಏನು ತಿಳಿದರೋ ನನಗೆ ಗೊತ್ತಿಲ್ಲ. ಅದನ್ನು ನೀವೂ ನಾನೂ ಹೊರಬೇಕು. ಅಮ್ಮಿ, “ಅವರಿಗೆ ಹೇಳು, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಅಂತ,” ಎಂದರು.

ಈಗ ನಿಮ್ಮದು ಅಳಿಸಿಹೋಗುತ್ತಿದೆ. ನಾನು ಇದಕ್ಕೆ ಕಾರಣ ಹುಡುಕುವುದಿಲ್ಲ. ನಾನು ಕಲಿತದ್ದರಲ್ಲೂ ಮಕ್ಕಳಿಗೆ ಕಲಿಸುವುದರಲ್ಲೂ ಇದಕ್ಕೆ ರಿಪೇರಿ ಇಲ್ಲ. ಯಾರನ್ನೂ ಕರೆಸಬೇಡಿ, ಆ ಯಂತ್ರವನ್ನು ಬಂದ್ ಮಾಡಬೇಡಿ. ನೀವು ದಿನವೂ ಹೋಗಿ ಕೇಳಿ.

ಮುಂದಿನ ಸಲ ಮೇಲೆ ಹೋದಾಗ ನನ್ನದೂ ಒಂದು ಹಾಕುತ್ತೀರಾ? ನಮ್ಮ ಮನೆಮಾತಿನಲ್ಲಿ, ಕನ್ನಡ ಅಕ್ಷರದಲ್ಲೇ: “ಅಬ್ಬಾ, ಕಾಯ್ಕು ಫೋನ್ ಕರೆ ಥೆ?” ಏಕೆ ಫೋನ್ ಮಾಡಿದ್ದಿರಿ ಎಂದು, ಅಷ್ಟೇ.

ಅಳಿಸಿಹೋದರೆ ತಿಳಿಸಿ. ಹೋಗದೆ ಅಲ್ಲೇ ಉಳಿದರೂ ತಿಳಿಸಿ. ಎಷ್ಟು ಹೊತ್ತಿಗೆ ಎಂದು ಮಾತ್ರ ಬರೆಯಬೇಡಿ.

ನಿಮ್ಮ,
ಆಸ್ಮಾ